ಮಷೀನು ಕೆಲಸ ಕಿತ್ತುಕೊಂಡರೆ ಎಲ್ಲರಿಗೂ ತಿಂಗಳಿಗಿಷ್ಟು ಅಂತ ದುಡ್ಡು ಕೊಡುವುದು ಆಗುವ ಮಾತಾ?

ಪ್ರಶ್ನೆ:
ನಾನು ಅನುವಾದ ಮಾಡಿ ಬದುಕುವವನು. ಮೊದಲು ಮೂಲ ಬರಹ ಕಳಿಸುತ್ತಿದ್ದರು, ಪದಕ್ಕಿಷ್ಟು ಅಂತ ರೇಟು. ಈಗ ಮಷೀನು ಮಾಡಿಟ್ಟ ಅನುವಾದ ಬರುತ್ತೆ, "ಸ್ವಲ್ಪ ತಿದ್ದಿ ಕೊಡಿ" ಅಂತಾರೆ, ರೇಟು ಅರ್ಧಕ್ಕಿಂತ ಕಡಿಮೆ. ಅದು ಕೆಟ್ಟದಾಗಿದ್ದರೆ ತಿದ್ದುವುದಕ್ಕೆ ಹೊಸದಾಗಿ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತೆ, ಅದನ್ನು ಕೇಳುವವರಿಲ್ಲ. ಕೆಲಸ ಹೋಗಿಲ್ಲ, ಸಂಪಾದನೆ ಸವೆದಿದೆ. ಎಲ್ಲರೂ ಇದಕ್ಕೆ ಸಾರ್ವತ್ರಿಕ ಮೂಲ ಆದಾಯ, ಅಂದರೆ ಯುಬಿಐ ಮದ್ದು ಅಂತಾರೆ. ಬಡವ ಬಲ್ಲಿದ ಅನ್ನದೆ, ಷರತ್ತು ಹಾಕದೆ, ಪ್ರತಿಯೊಬ್ಬರಿಗೂ ತಿಂಗಳು ತಿಂಗಳು ಹಣ. ಸುಮ್ನೆ ದುಡ್ಡು ಬಂದರೆ ಜನ ಕೈಕಟ್ಟಿ ಕೂರಲ್ವಾ?

ಉತ್ತರ 1:
ಈ ಭಯ ಹಳೇದು. ಫಿನ್ಲೆಂಡ್‌ನಲ್ಲಿ 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟರು. ಕೆಲಸ ಸಿಕ್ಕರೂ ಹಣ ನಿಲ್ಲಿಸಲಿಲ್ಲ. ಅವರು ದುಡಿಯುವುದು ಕಡಿಮೆಯಾಗಲಿಲ್ಲ, ಒಂಚೂರು ಜಾಸ್ತಿಯೇ ಆಯಿತು. ಮನಸ್ಸಿನ ಒತ್ತಡವೂ ಇಳಿಯಿತು. ಕೆನಡಾದ ಡಾಫಿನ್ ಊರಿನಲ್ಲಿ 1970ರ ದಶಕದಲ್ಲಿ ಆದಾಯ ಕಡಿಮೆ ಇದ್ದ ಮನೆಗಳಿಗೆ ಇಂಥದ್ದೇ ಖಾತ್ರಿ ಕೊಟ್ಟಿದ್ದರು. ಅಲ್ಲಿ ದುಡಿಮೆ ಕಡಿಮೆ ಮಾಡಿದವರು ಮುಖ್ಯವಾಗಿ ಹಸುಗೂಸಿನ ತಾಯಂದಿರು ಮತ್ತು ಶಾಲೆ ಬಿಡದೆ ಓದು ಮುಂದುವರಿಸಿದ ಹುಡುಗರು. ಇದನ್ನು ಸೋಮಾರಿತನ ಅನ್ನೋಕಾಗುತ್ತಾ?

ಉತ್ತರ 2:
ಸ್ವಲ್ಪ ತಡೆಯಿರಿ. ಇವೆಲ್ಲ ಮುಗಿಯುವ ದಿನ ಗೊತ್ತಿದ್ದ ಪ್ರಯೋಗಗಳು. ಎರಡು ವರ್ಷದ ದುಡ್ಡು ನಂಬಿ ಯಾರು ನೌಕರಿ ಬಿಡುತ್ತಾರೆ? ಫಿನ್ಲೆಂಡ್‌ನದಂತೂ ಸಾರ್ವತ್ರಿಕವೇ ಅಲ್ಲ. ಗಡುವಿಲ್ಲದೆ ನಡೆಯುತ್ತಿರುವುದು ಬೇಕಾದರೆ ಅಮೆರಿಕದ ಅಲಾಸ್ಕಾ ರಾಜ್ಯ ನೋಡಿ. ಅಲ್ಲಿ ತೈಲದ ಆದಾಯದಿಂದ ಕಟ್ಟಿದ ನಿಧಿಯಿಂದ 1982ರಿಂದ ಪ್ರತಿ ವರ್ಷ ನಿವಾಸಿಗಳಿಗೆ, ಮಕ್ಕಳಿಗೂ ಸೇರಿ, ಪಾಲು ಹಂಚುತ್ತಾರೆ. 2020ರಲ್ಲಿ 992 ಡಾಲರ್, 2022ರಲ್ಲಿ 3,284. ವರ್ಷಕ್ಕೆ ಸ್ವಾಮಿ, ತಿಂಗಳಿಗಲ್ಲ! ಅದರಲ್ಲಿ ಬದುಕೋಕಾಗಲ್ಲ, ಹಾಗಾಗಿ ಯಾರೂ ಕೆಲಸ ಬಿಟ್ಟಿಲ್ಲ ಅನ್ನುವುದರಲ್ಲಿ ಆಶ್ಚರ್ಯವೂ ಇಲ್ಲ.

ನನ್ನ ಅನುಮಾನ ಬೇರೆ. ಕೈಯಲ್ಲಿ ಮೂಲ ಆದಾಯ ಇದ್ದರೆ ನೀವು ಅರ್ಧ ರೇಟಿನ ಕೆಲಸಕ್ಕೆ "ಬೇಡ" ಅನ್ನಬಹುದು, ಸರಿ. ಆದರೆ ಕೆಲಸ ಕೊಡುವವನು "ಹೇಗೂ ಸರ್ಕಾರ ಕೊಡುತ್ತಲ್ಲ" ಅಂತ ರೇಟು ಇನ್ನೂ ಇಳಿಸಿದರೆ? ಎರಡರಲ್ಲಿ ಯಾವುದಾಗುತ್ತೆ ಅನ್ನುವುದು ಮೊತ್ತ ಎಷ್ಟು ಅನ್ನುವುದರ ಮೇಲೆ ನಿಂತಿದೆ. ಮೊತ್ತ ಸಣ್ಣದಾದರೆ ಎರಡನೆಯದೇ ಆಗೋದು.

ಪ್ರಶ್ನೆ ಕೇಳಿದವರು:
ಹಾಗಾದರೆ ದೊಡ್ಡ ಮೊತ್ತಕ್ಕೆ ದುಡ್ಡು ಎಲ್ಲಿಂದ? ರೋಬಾಟ್ ತೆರಿಗೆ, ಅಂದರೆ ಮನುಷ್ಯರ ಕೆಲಸ ಮಾಡುವ ಯಂತ್ರಕ್ಕೇ ತೆರಿಗೆ ಅಂತಾರಲ್ಲ.

ಉತ್ತರ 3:
2017ರಲ್ಲಿ ಬಿಲ್ ಗೇಟ್ಸ್ ಕೂಡ ಅದನ್ನು ಹೇಳಿದ್ದರು. ಕೇಳೋಕೆ ಚೆನ್ನಾಗಿದೆ, ಆದರೆ ರೋಬಾಟ್ ಅಂದರೆ ಯಾವುದು? ನಿಮ್ಮ ಅನುವಾದ ಮಾಡುವ ಸಾಫ್ಟ್‌ವೇರ್‌ಗೆ ಕೈಯೂ ಇಲ್ಲ, ಕಾಲೂ ಇಲ್ಲ. ಲೆಕ್ಕದ ಸ್ಪ್ರೆಡ್‌ಶೀಟ್‌ಗೂ ತೆರಿಗೆ ಹಾಕೋಣವಾ? ಅದಕ್ಕಿಂತ ಲಾಭಕ್ಕೆ, ಜಮೀನಿಗೆ, ಷೇರಿನ ಗಳಿಕೆಗೆ ಹಾಕುವುದು ಸುಲಭ. ಸುಲಭ ಅಂದರೆ ಕಾಗದದ ಮೇಲೆ, ಲಾಭ ಗಡಿ ದಾಟಿ ಓಡಿಹೋಗುತ್ತೆ. ಎಷ್ಟೋ ದೇಶಗಳಲ್ಲಿ ಖಜಾನೆ ತುಂಬುವುದೇ ಸಂಬಳದ ಮೇಲಿನ ತೆರಿಗೆಯಿಂದ. ಸಂಬಳ ಪಡೆಯುವವರು ಕಡಿಮೆಯಾದ ಹಾಗೆ, ಹಂಚಬೇಕಾದ ಹೊತ್ತಿಗೇ ಖಜಾನೆ ಬರಿದಾಗುತ್ತೆ. ಇಲ್ಲೇ ಇರುವುದು ಗಂಟು.

ಇನ್ನೊಂದು ವಿಷಯ. ಇರಾನ್ 2010ರ ಕೊನೆಯಲ್ಲಿ ಇಂಧನದ ಸಬ್ಸಿಡಿ ಕಡಿತ ಮಾಡಿ ತಲೆಗೆ ತಿಂಗಳಿಗೆ 4,55,000 ರಿಯಾಲ್ ಖಾತೆಗೆ ಹಾಕತೊಡಗಿತು. ಶುರುವಿನಲ್ಲಿ ಅದಕ್ಕೆ ಒಳ್ಳೇ ಬೆಲೆ ಇತ್ತು. ಜನ ಕೆಲಸ ಬಿಟ್ಟು ಕೂರಲೂ ಇಲ್ಲ. ಆದರೆ ಸಾಮಾನಿನ ಬೆಲೆ ಏರುತ್ತಲೇ ಹೋಯಿತು, ಮೊತ್ತ ಮಾತ್ರ ವರ್ಷಗಟ್ಟಲೆ ಅಲ್ಲೇ ನಿಂತಿತು. ಯೋಜನೆ ನಿಲ್ಲಿಸಿದ್ದೇವೆ ಅಂತ ಯಾರೂ ಹೇಳಬೇಕಾಗಲಿಲ್ಲ, ಹಣದುಬ್ಬರವೇ ಅದನ್ನು ತಿಂದುಹಾಕಿತು. ಅಲಾಸ್ಕಾದಲ್ಲೂ ಅಷ್ಟೇ, ತೈಲದ ಬೆಲೆ ಕುಸಿದು ಬಜೆಟ್‌ಗೆ ಹಣ ಸಾಲದಾದಾಗ, 2016ರಲ್ಲಿ ಗವರ್ನರ್ ಒಂದು ಸಹಿ ಹಾಕಿ ಆ ವರ್ಷದ ಪಾಲನ್ನು ಹೆಚ್ಚುಕಡಿಮೆ ಅರ್ಧ ಮಾಡಿದರು.