ಪುಟ್ಟಿಯ ಕ್ಲಾಟ್ ಓದಿನ ವಿಷಯ

ಅಕ್ಕಾ, ಬೆಳಗ್ಗೆಯೇ ನಿನ್ನ ಮೆಸೇಜ್ ನೋಡಿದೆ. ಪುಟ್ಟಿ ಲಾ ಕಾಲೇಜಿನ ಪ್ರವೇಶ ಪರೀಕ್ಷೆ ಕ್ಲಾಟ್‌ನ ಮಾಕ್ ಟೆಸ್ಟಿನಲ್ಲಿ ಮತ್ತೆ ಮೂವತ್ತು ಪ್ರಶ್ನೆ ಮುಟ್ಟೋಕೇ ಆಗಲಿಲ್ಲ, ಟೈಮ್ ಸಾಲ್ತಿಲ್ಲ, ಸ್ಪೀಡ್ ರೀಡಿಂಗ್ ಕ್ಲಾಸಿಗೆ ಸೇರಿಸೋಣವಾ ಅಂತ ಕೇಳಿದ್ದೀಯ. ಭಾವನೂ ಅದರ ಕೆಳಗೇ ‘ನಿಮಿಷಕ್ಕೆ ಸಾವಿರ ಪದ’ ಅನ್ನೋ ಜಾಹೀರಾತು ಹಾಕಿದ್ದಾರೆ. ವಾಯ್ಸ್ ಮೆಸೇಜ್ ಮಾಡಿದೆ, ಕುಕ್ಕರ್ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅದಕ್ಕೇ ಟೈಪ್ ಮಾಡ್ತಿದ್ದೇನೆ, ಉದ್ದ ಆಗುತ್ತೆ.

ಆ ಕ್ಲಾಸಿಗೆ ದುಡ್ಡು ಕಟ್ಟಬೇಡಿ. ಸಾವಿರ ಪದದ ಮೇಲೆ ಕಣ್ಣು ಓಡಿಸಬಹುದು, ಆದರೆ ಅರ್ಥ ತಲೆಗೆ ಇಳಿಯಲ್ಲ. ಇಂಗ್ಲಿಷ್ ಚೆನ್ನಾಗಿ ಬರುವ ದೊಡ್ಡವರೂ ಅರ್ಥ ಮಾಡಿಕೊಂಡು ಓದಿದರೆ ನಿಮಿಷಕ್ಕೆ 200ರಿಂದ 300 ಪದ ಅಷ್ಟೇ. ಪುಟ್ಟಿಗೆ 200 ಬಂದರೆ ಸಾಕು. ಲೆಕ್ಕ ನೋಡು: 120 ನಿಮಿಷ, 120 ಪ್ರಶ್ನೆ. ಪ್ರಶ್ನೆಗೆ ಮುಂಚೆ ಓದೋಕೆ ಕೊಡೋ ಒಂದೊಂದು ಪ್ಯಾಸೇಜ್ 450 ಪದದ ಆಸುಪಾಸು, ಎಲ್ಲ ಸೇರಿ ಹತ್ತು ಸಾವಿರ ಪದ ಅಂತ ಇಟ್ಟುಕೋ. ನಿಮಿಷಕ್ಕೆ 120 ಪದದಂತೆ ಹೋದರೆ ಬರೀ ಓದೋಕೇ 83 ನಿಮಿಷ, ಉತ್ತರಕ್ಕೆ ಉಳಿಯೋದು 37. ಅದೇ 200 ಆದರೆ ಓದು 50 ನಿಮಿಷಕ್ಕೆ ಮುಗಿದು 70 ನಿಮಿಷ ಕೈಯಲ್ಲಿರುತ್ತೆ. ಅವಳ ಆ ಮೂವತ್ತು ಪ್ರಶ್ನೆ ಹೋಗ್ತಿರೋದು ಇಲ್ಲೇ.

ಹೋದ ಭಾನುವಾರ ಅವಳು ಕುವೆಂಪುನಗರಕ್ಕೆ ನಮ್ಮ ಮನೆಗೆ ಬಂದಿದ್ದಳಲ್ಲ, ಆವತ್ತು ಎದುರಿಗೇ ಕೂತು ಅವಳು ಓದೋದನ್ನ ನೋಡಿದೆ. ಮೊದಲು ರಿಸರ್ವ್ ಬ್ಯಾಂಕಿನ ರೆಪೋ ದರ, ಅಂದರೆ ಅದು ಬೇರೆ ಬ್ಯಾಂಕುಗಳಿಗೆ ಕೊಡೋ ಸಾಲದ ಬಡ್ಡಿ, ಅದರ ಬಗ್ಗೆ ಒಂದು ಪ್ಯಾಸೇಜ್ ಕೊಟ್ಟೆ. ಪೆನ್ಸಿಲ್ ತುದಿ ಮೂರನೇ ಸಾಲಿಗೆ ಹೋಗುತ್ತೆ, ನಿಲ್ಲುತ್ತೆ, ಮತ್ತೆ ಮೊದಲನೇ ಸಾಲಿಗೆ ಬರುತ್ತೆ. ತುಟಿ ಅಲ್ಲಾಡ್ತಿತ್ತು. ‘ಲಿಕ್ವಿಡಿಟಿ’ ಅನ್ನೋ ಪದದ ಮೇಲೆ ಸಣ್ಣಗೆ ‘ನೀರು?’ ಅಂತ ಬರೆದಿದ್ದಳು, ಪಾಪ; ಅಲ್ಲಿ ಅದು ಬ್ಯಾಂಕುಗಳ ಕೈಲಿರೋ ನಗದಿನ ಮಾತು. ಒಟ್ಟು ನಾಲ್ಕು ನಿಮಿಷ ಹತ್ತು ಸೆಕೆಂಡ್. ಮೇಲೆ ಐದು ಪ್ರಶ್ನೆಯಲ್ಲಿ ಎರಡು ತಪ್ಪು.

ಆಮೇಲೆ ಬೇಕಂತಲೇ ಕಾವೇರಿ ವಿವಾದದ್ದು ಕೊಟ್ಟೆ, ಅಷ್ಟೇ ಉದ್ದ, ಇಂಗ್ಲಿಷ್ ಇನ್ನೂ ಕಷ್ಟ. ಎರಡೂಕಾಲು ನಿಮಿಷಕ್ಕೆ ತಲೆ ಎತ್ತಿದಳು! ಐದಕ್ಕೆ ಐದೂ ಸರಿ. ‘ರೈಪೇರಿಯನ್’ ಅನ್ನೋ ಪದ ಅವಳಿಗೆ ಗೊತ್ತಿರಲಿಲ್ಲ, ಆದರೂ ಅಲ್ಲಿ ನಿಲ್ಲಲಿಲ್ಲ. ‘ನದಿ ಹರಿಯೋ ರಾಜ್ಯ ಅಂತ ತಾನೇ ಚಿಕ್ಕಮ್ಮ’ ಅಂದಳು. ಸರಿಯಾಗೇ ಇತ್ತು. ಮಂಡ್ಯದಲ್ಲಿ ಹುಟ್ಟಿದವಳು, ಕನ್ನಂಬಾಡಿ 124.80 ಅಡಿ ಆದರೆ ತುಂಬಿತು ಅಂತ ಮಗುವಾಗಿದ್ದಾಗಿಂದ ಕೇಳಿದವಳು. 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿನ ಪಾಲನ್ನ 192ರಿಂದ 177.25 ಟಿಎಂಸಿಗೆ ಇಳಿಸಿದ್ದು ನಿಮ್ಮ ಮನೆ ಜಗಲಿ ಮೇಲೆ ಎಷ್ಟು ಸಲ ಮಾತಿಗೆ ಬಂದಿಲ್ಲ ಹೇಳು. ಅದಕ್ಕೇ ಓಡಿದಳು.

ಹಾಗಾಗಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದು: ಅವಳ ಕಣ್ಣು ನಿಧಾನ ಅಲ್ಲ, ವಿಷಯ ಹೊಸದಾದರೆ ನಿಧಾನ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಅಲ್ವಾ, ಎಷ್ಟೋ ಸಂಗತಿ ಅವಳಿಗೆ ಗೊತ್ತು, ಇಂಗ್ಲಿಷಿನ ಹೆಸರು ಗೊತ್ತಿಲ್ಲ. ನ್ಯಾಯಾಂಗ ವಿಮರ್ಶೆ ಅಂದರೆ ಐದು ನಿಮಿಷ ಮಾತಾಡ್ತಾಳೆ, ‘ಜುಡಿಶಿಯಲ್ ರಿವ್ಯೂ’ ಅಂತ ಕಂಡರೆ ಹೆದರಿ ನಿಲ್ತಾಳೆ.

ಅದಕ್ಕೆ ವಾರಕ್ಕೊಂದು ವಿಷಯ ಹಿಡಿಯಲಿ. ಈ ವಾರ ಹಣದುಬ್ಬರ, ಮುಂದಿನ ವಾರ ಸಂವಿಧಾನದ ಮೂಲ ರಚನೆ (ಸಂಸತ್ತೂ ಬದಲಿಸೋಕಾಗದ ತಿರುಳು), ಅದನ್ನ ಹೇಳಿದ 1973ರ ಕೇಶವಾನಂದ ಭಾರತಿ ಕೇಸು, ಹದಿಮೂರು ಜನ ನ್ಯಾಯಮೂರ್ತಿಗಳು ಕೂತು ಕೇಳಿದ್ದು, ಆಮೇಲೆ ಪರಿಸರ, ವಿದೇಶಾಂಗ, ಹೀಗೆ. ಮೊದಲೆರಡು ದಿನ ಆ ವಿಷಯ ಕನ್ನಡದಲ್ಲೇ ಓದಲಿ, ನಾಚಿಕೆ ಏನೂ ಬೇಡ, ಪ್ರಜಾವಾಣಿಯಲ್ಲಿ ಸಿಗುತ್ತೆ. ಮೂರನೇ ದಿನದಿಂದ ಅದೇ ವಿಷಯದ ಇಂಗ್ಲಿಷ್ ಸಂಪಾದಕೀಯ. ಪದದ ಪಟ್ಟಿ ಉರು ಹೊಡೆಯೋದಕ್ಕಿಂತ ಇದು ಎಷ್ಟೋ ವಾಸಿ, ಏಕೆಂದರೆ ಒಂದು ವಿಷಯಕ್ಕೆ ಬರೋ ಪದಗಳು ಅವೇ ಸುತ್ತಿ ಸುತ್ತಿ ಬರ್ತವೆ.

ಇನ್ನು ಹಿಂದಕ್ಕೆ ಹೋಗೋ ಚಾಳಿ. ಹಳೇ ಲಗ್ನಪತ್ರಿಕೆ ಒಂದು ಕೊಟ್ಟು ಕಳಿಸಿದ್ದೇನೆ, ದಪ್ಪ ಕಾರ್ಡು. ಓದಿದ ಸಾಲನ್ನ ಮೇಲಿಂದ ಮುಚ್ಚುತ್ತಾ ಬರಬೇಕು. ಮೊದಲ ಮೂರು ದಿನ ಅಳು ಬರುತ್ತೆ, ಏನೂ ಅರ್ಥ ಆಗಲಿಲ್ಲ ಅಂತಾಳೆ, ಬಿಡಬೇಡ. ಹಿಂದೆ ಹೋಗೋಕೆ ಆಗಲ್ಲ ಅಂತ ಗೊತ್ತಾದರೆ ಮನಸ್ಸು ಮೊದಲ ಸಲವೇ ಗಮನ ಕೊಡಬಹುದು. ಒಂದು ಪ್ಯಾರಾ ಮುಗಿದ ಮೇಲೆ ಪಕ್ಕದಲ್ಲಿ ಮೂರು ಪದ ಬರೆಯಲಿ, ಬರೆದವನು ಏನಂದ ಅಂತ, ಕನ್ನಡದಲ್ಲಾದರೂ ಸರಿ. ‘ಬಟ್’, ‘ಹೌಎವರ್’, ‘ಯೆಟ್’ ಬಂದ ಕಡೆ ಪದದ ಸುತ್ತ ಗುಂಡಗೆ ಗೆರೆ ಎಳೆಯಲಿ. ಬರೆದವನ ಸ್ವಂತ ಅಭಿಪ್ರಾಯ ಬಹಳ ಸಲ ಅದರ ಆಚೆಗೇ ಇರುತ್ತೆ, ಪ್ರಶ್ನೆನೂ ಅಲ್ಲಿಂದಲೇ.

ಎಲ್ಲ ವಿಭಾಗವನ್ನೂ ಒಂದೇ ಥರ ಓದೋದೂ ತಪ್ಪು. ಪ್ರಚಲಿತ ವಿದ್ಯಮಾನದಲ್ಲಿ ಎಷ್ಟೋ ಪ್ರಶ್ನೆಗೆ ಉತ್ತರ ಪ್ಯಾಸೇಜಿನೊಳಗೆ ಇರೋದೇ ಇಲ್ಲ. ವಿಷಯ ಯಾವುದು ಅಂತ ಕಣ್ಣಾಡಿಸಿ ನೇರ ಪ್ರಶ್ನೆಗೆ ಹೋಗಲಿ, ಉಳಿದ ಟೈಮ್ ಲೀಗಲ್‌ಗೆ ಇಟ್ಟುಕೊಳ್ಳಲಿ. ಅಲ್ಲಿ ಒಂದೊಂದು ಪದವೂ ಮುಖ್ಯ, ಕೊಟ್ಟಿರೋ ನಿಯಮದ ಮೇಲೇ ಉತ್ತರ ಹೇಳಬೇಕು. ತಪ್ಪಿಗೆ ಕಾಲು ಅಂಕ ಹೋಗುತ್ತೆ, ಕೊನೇ ಐದು ನಿಮಿಷದಲ್ಲಿ ಕಣ್ಣು ಮುಚ್ಚಿ ತುಂಬೋದು ಬೇಡ.

ಮತ್ತೊಂದು ಅಕ್ಕಾ, ಅವಳು ಎಲ್ಲಾನೂ ಮೊಬೈಲಿನಲ್ಲಿ, ರಾತ್ರಿ ಹನ್ನೊಂದಕ್ಕೆ ಓದ್ತಾಳೆ. ಪರೀಕ್ಷೆ ಕಾಗದದ ಮೇಲೆ, ಮಧ್ಯಾಹ್ನ ಎರಡರಿಂದ ನಾಲ್ಕು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಕೊಡು. ರಜೆ ದಿನ ಮುದ್ದೆ ಉಂಡು ನಿದ್ದೆ ಎಳೆಯುತ್ತಲ್ಲ, ಆ ಹೊತ್ತಲ್ಲೇ ಕೂರಿಸು. ದಿನಕ್ಕೆ ನಾಲ್ಕು ಪ್ಯಾಸೇಜ್ ಸಾಕು, ಗಡಿಯಾರ ಇಟ್ಟು, ನಿಮಿಷ ಒಂದು ಪುಸ್ತಕದಲ್ಲಿ ಬರೆದಿಡಲಿ. ಬೇರೆ ಮಕ್ಕಳ ಜೊತೆ ಹೋಲಿಸಿ ಮಾತಾಡಬೇಡ, ಆವತ್ತು ಅದನ್ನ ಹೇಳ್ತಾನೇ ಅವಳ ಕಣ್ಣು ತುಂಬಿತ್ತು.

ಈ ಭಾನುವಾರ ಬೆಳಗಿನ ಟ್ರೇನಿಗೆ ಕಳಿಸು, ಸ್ಟೇಷನ್ನಿಗೆ ನಾನೇ ಬರ್ತೇನೆ. ಅದೇ ರೆಪೋ ದರದ ವಿಷಯ, ಬೇರೆ ಪ್ಯಾಸೇಜ್ ತೆಗೆದಿಟ್ಟಿದ್ದೇನೆ. ಮೂರು ನಿಮಿಷದೊಳಗೆ ಮುಗಿಸ್ತಾಳಾ ನೋಡೋಣ. ಲಗ್ನಪತ್ರಿಕೆ ಮರೆಯದೆ ತರೋಕೆ ಹೇಳು.