ನೇತ್ರಾಣಿಯಲ್ಲಿ ಡೈವ್ ಮಾಡಿ ಅದೇ ಸಂಜೆ ಕೊಡಚಾದ್ರಿಗೆ ಹೋಗಬಹುದಾ?

ಪ್ರಶ್ನೆ (ಶಿವಮೊಗ್ಗದ ಸದಸ್ಯರು): ಸರ್, ನೀವು ಮುರುಡೇಶ್ವರದಲ್ಲಿ ಸ್ಕೂಬಾ ಕಲಿಸುತ್ತೀರಿ ಅಂತ ಗೊತ್ತಾಯಿತು. ಡಿಸೆಂಬರ್ ರಜೆಗೆ ನಾನು, ಹೆಂಡತಿ, ತಮ್ಮ, ಅಮ್ಮ ಹೊರಟಿದ್ದೇವೆ. ಬೆಳಗ್ಗೆ ನೇತ್ರಾಣಿ ದ್ವೀಪದಲ್ಲಿ ಡೈವ್, ಮಧ್ಯಾಹ್ನ ಕೊಲ್ಲೂರಲ್ಲಿ ದರ್ಶನ, ಸಂಜೆ ಜೀಪಲ್ಲಿ ಕೊಡಚಾದ್ರಿಗೆ ಹೋಗಿ ಸೂರ್ಯಾಸ್ತ. ಸಮಯ ಸಾಕಾಗುತ್ತಾ? ನನಗೆ ಈಜು ಬರೋದಿಲ್ಲ. ತಮ್ಮ ತುಂಗೆಯಲ್ಲೇ ಈಜಿ ಬೆಳೆದವನು, ಅವನ ಚಿಂತೆ ಇಲ್ಲ. ಅಮ್ಮನಿಗೆ ಬಿಪಿ ಇದೆ, ಅವರು ಸ್ನಾರ್ಕೆಲಿಂಗ್ (ನೀರಿನ ಮೇಲೆ ತೇಲುತ್ತಾ ಕೊಳವೆಯಲ್ಲಿ ಉಸಿರಾಡೋದು) ಮಾತ್ರ ಮಾಡ್ತಾರಂತೆ.

ಉತ್ತರ (ಡೈವಿಂಗ್ ತರಬೇತುದಾರ): ಸಮಯ ಹೇಗೋ ಸಾಕಾಗುತ್ತೆ ಸರ್. ಆದರೆ ಡೈವ್ ಮಾಡಿದ ಸಂಜೆ ಕೊಡಚಾದ್ರಿ ಬೇಡ.

10 ಮೀಟರ್ ಆಳಕ್ಕೆ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿ ಇರೋದರ ಎರಡರಷ್ಟಾಗುತ್ತೆ. ಆ ಒತ್ತಡದಲ್ಲಿ ಸಿಲಿಂಡರ್ ಗಾಳಿ ಎಳೆದುಕೊಂಡಾಗ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಜಾಸ್ತಿ ಕರಗುತ್ತೆ. ಮೇಲೆ ಬಂದ ತಕ್ಷಣ ಅದೆಲ್ಲ ಹೊರಗೆ ಹೋಗಲ್ಲ. ಉಸಿರಿನ ಜೊತೆ ನಿಧಾನಕ್ಕೆ ಹೋಗಬೇಕು, ಗಂಟೆಗಟ್ಟಲೆ ಹಿಡಿಯುತ್ತೆ. ಅಷ್ಟರೊಳಗೆ ನೀವು 1343 ಮೀಟರ್ ಎತ್ತರದಲ್ಲಿ ನಿಂತರೆ ಸುತ್ತಲಿನ ಒತ್ತಡ ಇಳಿದು, ಗೋಲಿ ಸೋಡಾ ಒಡೆದಾಗ ಏಳುವ ಹಾಗೆ ಮೈಯೊಳಗೆ ಗುಳ್ಳೆ ಏಳಬಹುದು. ಕೀಲುನೋವು, ಜೋಮು, ತಲೆಸುತ್ತು ಬರುತ್ತೆ. ಜೋರಾದರೆ ಕೈಕಾಲಿನ ಸ್ವಾಧೀನವೇ ತಪ್ಪಬಹುದು.

ವಿಮಾನ ಹತ್ತಲು ಒಂದೇ ಡೈವ್ ಆಗಿದ್ದರೆ 12 ಗಂಟೆ, ಜಾಸ್ತಿ ಆಗಿದ್ದರೆ 18 ಗಂಟೆ ಕಾಯಿರಿ ಅಂತ ನಾವು ಹೇಳುತ್ತೇವೆ. ಬೆಟ್ಟಕ್ಕೂ ಅದನ್ನೇ ಹಿಡಿಯಿರಿ. ಅಂಡಮಾನಿಗೆ ಹೋದವರು ವಾಪಸ್ ಬರುವ ದಿನ ಡೈವ್ ಇಟ್ಟುಕೊಳ್ಳಬಾರದು ಅನ್ನೋದೂ ಇದಕ್ಕೇ.

ನಿಮ್ಮ ಪ್ಲಾನ್ ಉಲ್ಟಾ ಮಾಡಿ, ಅಷ್ಟೇ. ಮೊದಲು ಕೊಡಚಾದ್ರಿ, ಆಮೇಲೆ ಕೊಲ್ಲೂರು, ರಾತ್ರಿ ಮುರುಡೇಶ್ವರ, ಮಾರನೇ ದಿನ ಸಮುದ್ರ. ಬೆಟ್ಟ ಹತ್ತಿ ಬಂದು ಮುಳುಗಿದರೆ ಏನೂ ತೊಂದರೆ ಇಲ್ಲ. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರ. ಕಡಿಮೆ ಆಳದ ಒಂದು ಡೈವ್ ಆದಮೇಲೆ ಅಷ್ಟು ಎತ್ತರಕ್ಕೆ ಹೋಗೋದರಲ್ಲಿ ಅಪಾಯ ಕಡಿಮೆ. ಆದರೂ ನಮ್ಮ ಮನೆಯವರು ಬಂದರೆ ನಾನು ರಾತ್ರಿ ಉಳಿಸಿಕೊಂಡು ಬೆಳಗ್ಗೆಯೇ ಘಾಟಿ ಹತ್ತಿಸೋದು.

ಈಜು ಬರದಿದ್ದರೂ ಪರವಾಗಿಲ್ಲ. ಮೊದಲ ಸಲದವರನ್ನು 12 ಮೀಟರ್‌ಗಿಂತ ಕೆಳಗೆ ಇಳಿಸೋದಿಲ್ಲ, ತರಬೇತುದಾರ ಪಕ್ಕದಲ್ಲೇ ಹಿಡಿದುಕೊಂಡಿರುತ್ತಾನೆ. ನಿಜ ಹೇಳಬೇಕೆಂದರೆ ನನಗೆ ಚಿಂತೆ ನಿಮ್ಮ ತಮ್ಮಂದೇ. ಹೊಳೆಯಲ್ಲಿ ಮುಳುಗಿ ಅಭ್ಯಾಸ ಇದ್ದವರು ನೀರಡಿ ಹೋದ ಕೂಡಲೇ ಉಸಿರು ಕಟ್ಟುತ್ತಾರೆ. ಸಿಲಿಂಡರ್ ಗಾಳಿ ತುಂಬಿಕೊಂಡು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಒಂದೆರಡು ಮೀಟರ್ ಏರಿದರೂ ಸಾಕು. ಉಸಿರು ಆಡ್ತಾನೇ ಇರಬೇಕು ಅಂತ ಅವರಿಗೆ ಈಗಲೇ ಹೇಳಿಡಿ.

ಅಮ್ಮ ನೀರಿನ ಮೇಲೇ ತೇಲುವುದರಿಂದ ಅವರಿಗೆ ಈ ಸಾರಜನಕದ ರಗಳೆ ಇಲ್ಲ. ಲೈಫ್ ಜಾಕೆಟ್ ಕಡ್ಡಾಯ. ಬಿಪಿ ವಿಷಯದಲ್ಲಿ ಡಾಕ್ಟರ್ ಮಾತೇ ಕೊನೆ, ಚೀಟಿ ಬರೆಸಿಕೊಂಡೇ ಬನ್ನಿ. ಅಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿ ಆಪರೇಷನ್ ಇದ್ದವರೂ ಅಷ್ಟೇ. ಗರ್ಭಿಣಿಯರಿಗೆ ಡೈವ್ ಬೇಡವೇ ಬೇಡ. ಆರೋಗ್ಯದ ಫಾರಂನಲ್ಲಿ ಸುಮ್ನೆ ಎಲ್ಲದಕ್ಕೂ ‘ಇಲ್ಲ’ ಅಂತ ಟಿಕ್ ಮಾಡಬೇಡಿ.

ತೀರ್ಥಹಳ್ಳಿಯ ಸದಸ್ಯೆ: ಅಣ್ಣ, ನನಗೆ ಆಗುಂಬೆ ಘಾಟಿಯಲ್ಲೇ ವಾಂತಿ. ಬೋಟಲ್ಲಿ ಗತಿಯೇನು? ಅವೊಮಿನ್ ತಗೊಂಡ್ರೆ ಆಗುತ್ತಾ?

ಉತ್ತರ: ದ್ವೀಪ ದಡದಿಂದ ಸುಮಾರು 19 ಕಿ.ಮೀ., ಬೋಟಲ್ಲಿ ಒಂದು ಗಂಟೆಗಿಂತ ಜಾಸ್ತಿ ಕೂರಬೇಕು ಅಕ್ಕ. ಡೀಸೆಲ್ ಹೊಗೆ ಬರದ ಕಡೆ ಕೂತು ದೂರದ ನೀರಿನ ಅಂಚು ನೋಡ್ತಾ ಇರಿ. ಮೊಬೈಲ್ ಬೇಡ. ಬೆಳಗ್ಗೆ ಎರಡು ಇಡ್ಲಿ ಸಾಕು, ಖಾಲಿ ಹೊಟ್ಟೆಯೂ ಒಳ್ಳೇದಲ್ಲ. ಅವೊಮಿನ್ ನಿದ್ದೆ ಬರಿಸುತ್ತೆ. ತೂಕಡಿಸುವವರನ್ನು ನೀರಿಗೆ ಇಳಿಸೋಕಾಗಲ್ಲ. ಡಾಕ್ಟರ್ ಹತ್ತಿರ ಬೇರೆ ಮಾತ್ರೆ ಕೇಳಿ.

ಸಾಗರದ ಸದಸ್ಯರು: ಮೀಸೆ ಇದ್ರೆ ಮಾಸ್ಕ್ ಒಳಗೆ ನೀರು ಬರುತ್ತಂತೆ, ಹೌದಾ ಮಾರಾಯ್ರೆ?

ಉತ್ತರ: ಹೌದು. ಮಾಸ್ಕಿನ ರಬ್ಬರ್ ಅಂಚು ಚರ್ಮಕ್ಕೆ ಅಂಟಿ ಕೂರಬೇಕು, ಕೂದಲು ಸಿಕ್ಕರೆ ಸಂದಿ ಬಿಡುತ್ತೆ. ಪೂರ್ತಿ ಬೋಳಿಸಬೇಕಾಗಿಲ್ಲ, ಮೂಗಿನ ಕೆಳಗೆ ತೆಳ್ಳಗೆ ಒಂದು ಗೆರೆ ತೆಗೆದರೆ ಸಾಕು. ಹಾಗೆಯೇ ಬಾಯಲ್ಲಿ ಕವಳ (ಎಲೆಅಡಿಕೆ) ಇಟ್ಟುಕೊಂಡು ಬೋಟ್ ಹತ್ತಬೇಡಿ, ನಮ್ಮೂರಿನವರಿಗೆ ಇದನ್ನು ಹೇಳಲೇಬೇಕು.

ಮೊದಲ ಸದಸ್ಯರು: ಪ್ಲಾನ್ ಬದಲಾಯಿಸ್ತೀವಿ ಸರ್. ಹೆಂಡತಿಗೆ ಚಳಿಗಾಲದಲ್ಲಿ ಶೀತ ಬಿಡೋದೇ ಇಲ್ಲ, ಅದೇನಾದ್ರೂ ತೊಂದರೆನಾ?

ಉತ್ತರ: ದೊಡ್ಡ ತೊಂದರೆ ಅದೇ. ಎರಡು ಮೀಟರ್ ಇಳಿಯುವಷ್ಟರಲ್ಲೇ ಕಿವಿ ಒತ್ತುತ್ತೆ. ಮೂಗು ಹಿಡಿದು, ಬಾಯಿ ಮುಚ್ಚಿ ಮೆಲ್ಲಗೆ ಊದಿದರೆ ಒಳಗೆ ‘ಟಕ್’ ಅನ್ನುತ್ತೆ, ಒತ್ತಡ ಸರಿಹೋಗುತ್ತೆ. ನೋವು ಶುರುವಾಗುವ ಮುಂಚೆಯೇ, ಪ್ರತಿ ಮೀಟರಿಗೂ ಊದುತ್ತಾ ಇಳಿಯಬೇಕು. ಕಿವಿ ಬಿಡಲಿಲ್ಲ ಅಂದರೆ ಸ್ವಲ್ಪ ಮೇಲೆ ಬಂದು ಮತ್ತೆ ನೋಡಬೇಕು, ಜೋರಾಗಿ ಊದಬಾರದು. ಮೂಗು ಕಟ್ಟಿದ್ದರೆ ಇದ್ಯಾವುದೂ ನಡೆಯಲ್ಲ, ತಮಟೆಗೆ ಪೆಟ್ಟಾಗುತ್ತೆ. ಮೂಗಿಗೆ ಡ್ರಾಪ್ಸ್ ಹಾಕಿಕೊಂಡು ಇಳಿಯುವವರಿದ್ದಾರೆ, ನೀರಡಿಯಲ್ಲಿ ಅದರ ಪ್ರಭಾವ ಇಳಿದರೆ ಮೇಲೆ ಬರುವಾಗ ಒದ್ದಾಟ. ಅವತ್ತು ಶೀತ ಇದ್ದರೆ ಅಮ್ಮನ ಜೊತೆ ಸ್ನಾರ್ಕೆಲಿಂಗ್ ಮಾಡಲಿ.

ಹೊಸನಗರದ ಸದಸ್ಯ: ಶಾರ್ಕ್ ಕಾಣುತ್ತಾ ಸರ್?

ಉತ್ತರ: ಅದೃಷ್ಟ ಇದ್ದರೆ ಚಿಕ್ಕ ರೀಫ್ ಶಾರ್ಕ್ ದೂರದಲ್ಲಿ ಹಾದುಹೋಗುತ್ತೆ. ಗಿಳಿಮೀನು, ಚಿಟ್ಟೆಮೀನು, ಕಲ್ಲುಸಂದಿಯಲ್ಲಿ ತಲೆ ಹಾಕಿಕೊಂಡ, ಹಾವಿನಂಥ ಮೊರೆ ಈಲ್ ಮೀನು ಕಾಣುವ ಸಾಧ್ಯತೆ ಜಾಸ್ತಿ. ಮಳೆಗಾಲದಲ್ಲಿ ಬೋಟ್ ಬಿಡಲ್ಲ, ನವೆಂಬರ್‌ನಿಂದ ಫೆಬ್ರವರಿ ಒಳಗೆ ಬನ್ನಿ. ಹವಳದ ಮೇಲೆ ಮಾತ್ರ ಕಾಲಿಡಬೇಡಿ.