ಫ್ಯಾಕ್ಟರಿ ಹೊಗೆ, ಆವಿ ಮತ್ತು ಅಸ್ತಮಾ: ಡಾಕ್ಟರನ್ನ ಕೇಳಿ

ಸ್ಪ್ರೇ ಪೇಂಟರ್: ಡಾಕ್ಟ್ರೇ, ಹಾರ್ಡ್ನರ್ (ಪೇಂಟ್ ಗಟ್ಟಿ ಮಾಡೋ ದ್ರವ) ಬೆರೆಸೋ ಪಿಯು (ಪಾಲಿಯುರಿಥೇನ್) ಪೇಂಟ್ ಕೆಲಸ, 3ನೇ ವರ್ಷ. ಸ್ಪ್ರೇ ಹೊಡೆಯೋ ಬೂತ್‌ನಲ್ಲಿ ಏನೂ ಆಗಲ್ಲ. ರಾತ್ರಿ ಕೆಮ್ಮು, ಎದೆ ಬಿಗಿತ. ನಾಲ್ಕು ದಿನ ರಜೆ ಹಾಕಿದ್ರೆ ಮಾಯ. ಎನ್95 ಹಾಕ್ತೀನಿ. ಪೇಂಟಿನದ್ದಲ್ಲ ತಾನೆ?

ಡಾಕ್ಟರ್: ಪೇಂಟಿನದ್ದೇ ಅಂತ ನನ್ನ ಬಲವಾದ ಅನುಮಾನ. ಹಾರ್ಡ್ನರ್‌ನಲ್ಲಿರೋದು ಐಸೊಸೈನೇಟ್. ಮೈ ಅದರ ಮೇಲೆ ತಿರುಗಿಬೀಳೋಕೆ ವಾರಗಳೂ ಹಿಡಿಯಬಹುದು, ವರ್ಷಗಳೂ ಹಿಡಿಯಬಹುದು. ತಿರುಗಿಬಿದ್ದ ಮೇಲೆ ಚೂರೇ ಚೂರು ಆವಿ ಸಾಕು. ಉಬ್ಬಸ ಎಷ್ಟೋ ಸಲ 4ರಿಂದ 8 ಗಂಟೆ ತಡವಾಗಿ ಬರುತ್ತೆ, ಅದಕ್ಕೇ ನಿಮಗೆ ರಾತ್ರಿ.

ಎನ್95 ಕಣ ತಡೆಯುತ್ತೆ, ಆವಿ ತಡೆಯಲ್ಲ. ವಾಸನೆ ಬಂದಾಗ ನೋಡೋಣ ಅಂದ್ಕೋಬೇಡಿ, ವಾಸನೆ ಬರೋ ಹೊತ್ತಿಗೆ ಮಿತಿ ದಾಟಿರುತ್ತೆ. ಸ್ಪ್ರೇಗೆ ಹೊರಗಿನಿಂದ ಶುದ್ಧ ಗಾಳಿ ಪೈಪಲ್ಲಿ ಬರೋ ಮಾಸ್ಕೇ ಬೇಕು. ಗನ್ ನಿಲ್ಲಿಸಿದ ತಕ್ಷಣ ಮಾಸ್ಕಿನ ವೈಸರ್ (ಮುಖದ ಮುಂದಿನ ಪಾರದರ್ಶಕ ಗುರಾಣಿ) ಎತ್ತೋದು ಎಲ್ಲರೂ ಮಾಡೋ ತಪ್ಪು. ಬೂತ್ ಖಾಲಿಯಾಗೋಕೆ ಎಷ್ಟು ನಿಮಿಷ ಅಂತ ಹೊಗೆ ಬಿಟ್ಟು ಅಳೆದು ಬಾಗಿಲಿಗೆ ಬರೆದಿರಬೇಕು. ಇದೆಲ್ಲ ಇನ್ನೂ ಅಸ್ತಮಾ ಬಾರದವರಿಗೆ. ನಿಮಗೆ ಖಚಿತವಾದರೆ ಮಾಸ್ಕ್ ಪರಿಹಾರವಲ್ಲ, ಪೇಂಟಿನಿಂದ ಪೂರ್ತಿ ದೂರ ಇರಬೇಕು.

ಈಗ ಮಾಡಬೇಕಾದ್ದು: ಪೀಕ್ ಫ್ಲೋ ಮೀಟರ್ (ಎಷ್ಟು ಜೋರಾಗಿ ಉಸಿರು ಊದ್ತೀರಿ ಅಂತ ಅಳೆಯೋ ಚಿಕ್ಕ ಉಪಕರಣ) ತಗೊಳ್ಳಿ, ಕೊನೇತನಕ ಅದೇ ಮೀಟರ್ ಬಳಸಿ. ಎದ್ದಾಗಿನಿಂದ ಮಲಗೋವರೆಗೆ ದಿನಕ್ಕೆ ಕನಿಷ್ಠ 4 ಸಲ, ಸಲಕ್ಕೆ ಮೂರು ಬಾರಿ ಊದಿ ದೊಡ್ಡ ಸಂಖ್ಯೆ ಬರೆಯಿರಿ. 4 ವಾರ, ರಜಾ ದಿನವೂ ಬಿಡಬೇಡಿ. ಪಕ್ಕದಲ್ಲಿ ಶಿಫ್ಟ್, ಹೊಡೆದ ಪೇಂಟ್, ಇನ್‌ಹೇಲರ್ ಎಷ್ಟು ಪಫ್ ಅಂತ ಇರಲಿ. ರಜೇಲಿ ಮಾಡಿಸಿದ ಸ್ಪೈರೊಮೆಟ್ರಿ (ಆಸ್ಪತ್ರೆಯ ಉಸಿರಾಟ ಪರೀಕ್ಷೆ) ನಾರ್ಮಲ್ ಬಂದ್ರೆ ಏನೂ ಸಾಬೀತಾಗಲ್ಲ. ಕೆಲಸ ಬಿಟ್ಟಮೇಲೆ ಈ ಚಾರ್ಟ್ ಸಿಗಲ್ಲ, ಹಾಗಂತ ಎಳೆದಾಡಲೂಬೇಡಿ. ತಡವಾದಷ್ಟೂ ಪೇಂಟ್ ಬಿಟ್ಟರೂ ಅಸ್ತಮಾ ಉಳಿಯೋ ಸಾಧ್ಯತೆ ಹೆಚ್ಚು. ಈ ವಾರವೇ ಶ್ವಾಸಕೋಶ ತಜ್ಞರಿಗೆ ತೋರಿಸಿ. ಮಾತಾಡೋಕಾಗದಷ್ಟು ಉಸಿರು ಕಟ್ಟಿದ್ರೆ ಚಾರ್ಟ್ ಬಿಸಾಕಿ ಆಸ್ಪತ್ರೆಗೆ ಓಡಿ.

ಸದಸ್ಯ 1: ಫಾರ್ವರ್ಡ್ ಬಂದಿದೆ: ಬಿಸಿ ಹಾಲು, ಆಮೇಲೆ ಹಬೆ, ಶ್ವಾಸಕೋಶದ ಪೇಂಟೆಲ್ಲ ಕರಗುತ್ತೆ 🙏

ಡಾಕ್ಟರ್: ಹಾಲು ಹೋಗೋದು ಹೊಟ್ಟೆಗೆ. ಹಬೆಯಿಂದ ಕೆಲವರಿಗೆ ಉಬ್ಬಸ ಹೆಚ್ಚುತ್ತೆ, ಮುಖ ಬೇಯಿಸಿಕೊಳ್ಳೋರು ಬೇರೆ.

ಸೋಲ್ಡರಿಂಗ್ ಲೈನ್: ನಮ್ಮ ವೈರಲ್ಲಿ ಸೀಸ ಇಲ್ಲ. ಸೇಫ್ ತಾನೆ ಮೇಡಂ?

ಡಾಕ್ಟರ್: ಅಸ್ತಮಾ ತರೋದು ಸೀಸವಲ್ಲ, ರೋಸಿನ್ ಫ್ಲಕ್ಸ್ (ವೈರಿನೊಳಗಿನ ರಾಳ) ಹೊಗೆ. ಐರನ್ ತುದಿಯಲ್ಲೇ ಹೀರೋ ಪೈಪ್ ಹಾಕಿಸಿ.

ಮೇಂಟೆನೆನ್ಸ್: ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಇದ್ರೆ ಸಾಕಪ್ಪ.

ಸೇಫ್ಟಿ ಸೂಪರ್‌ವೈಸರ್: ಸಾಲದು. 15 ಸೆಂ.ಮೀ. ವ್ಯಾಸದ ಪೈಪಿನ ಬಾಯಿಂದ 15 ಸೆಂ.ಮೀ. ಆಚೆಗೆ ಗಾಳಿಯ ವೇಗ ಹೆಚ್ಚುಕಡಿಮೆ ಹತ್ತರಲ್ಲೊಂದು. ಗೋಡೆ ಫ್ಯಾನ್ ಹೊಗೆಯನ್ನ ಮೂಗಿನ ಮುಂದೆಯೇ ಎಳ್ಕೊಂಡು ಹೋಗುತ್ತೆ.

ಮೇಂಟೆನೆನ್ಸ್: ಅಷ್ಟು ಹತ್ತಿರ ಹುಡ್ (ಹೀರೋ ಪೈಪಿನ ಬಾಯಿ) ಇಟ್ರೆ ಮಿಗ್ ವೆಲ್ಡಿಂಗ್‌ನಲ್ಲಿ ಬೆಸುಗೆ ಕಾಯೋ ಗ್ಯಾಸೂ ಹೀರಿ ಬೀಡೆಲ್ಲ (ಬೆಸುಗೆ ಗೆರೆ) ತೂತು. ರಿಜೆಕ್ಷನ್ ನೀವು ಹೊರ್ತೀರಾ?

ಸೇಫ್ಟಿ ಸೂಪರ್‌ವೈಸರ್: ಹುಡ್ಡನ್ನ ಓರೆ ಮಾಡಿ, ಸಕ್ಷನ್ ಹೊಂದಿಸಿ. ಪಕ್ಕದಲ್ಲಿ ಪೆಡೆಸ್ಟಲ್ ಫ್ಯಾನ್ ತಿರುಗಿಸುವಾಗ ಗ್ಯಾಸ್ ನೆನಪಾಗಲಿಲ್ವಾ?

ಮೇಂಟೆನೆನ್ಸ್: ಪುಸ್ತಕದ ಬದನೆಕಾಯಿ.

ಸಿಎನ್‌ಸಿ ಆಪರೇಟರ್: ಲೋಹ ಕೊರೆಯುವಾಗ ಸುರಿಯೋ ಕೂಲಂಟ್ ದ್ರವದ ಮಂಜಿಂದಲೂ ಅಸ್ತಮಾ ಬರುತ್ತಾ?

ವೆಲ್ಡರ್: ಜಿಐ (ಸತು ಲೇಪಿಸಿದ ಕಬ್ಬಿಣ) ಷೀಟ್ ವೆಲ್ಡ್ ಮಾಡಿದ ಸಂಜೆ ಚಳಿಜ್ವರ, ಮರುದಿನ ಸರಿ. ಇದೂ ಅಸ್ತಮಾನಾ?

ಡಾಕ್ಟರ್: ಇರಲಾರದು. ಸತುವಿನ ಹೊಗೆಯ ಜ್ವರ ಇದ್ದಂಗಿದೆ. ಜೋಡಣೆ ಜಾಗದ ಲೇಪ ತೆಗೆದು ವೆಲ್ಡ್ ಮಾಡಿ. ಉಬ್ಬಸ ಬಂದ್ರೆ, ಇಲ್ಲಾ 2 ದಿನ ದಾಟಿದ್ರೆ ತೋರಿಸಿ.

ಸದಸ್ಯ 2: ಪಿಯು ಪೇಂಟಿಗೆ ಎನ್95 ನಡೆಯುತ್ತಾ?

ಡಾಕ್ಟರ್: ಮೇಲೆ ಓದಿ.

ಸದಸ್ಯ 2: ಎರಡು ಹಾಕಿದ್ರೆ?

ಡಾಕ್ಟರ್: ಇಲ್ಲ.

ಸದಸ್ಯ 1: ಹಬೆಗೆ ಉಪ್ಪು ಹಾಕಿದ್ರೆ ಒಳ್ಳೇದಂತೆ.

ಡಾಕ್ಟರ್: ಅಡ್ಮಿನ್, ಇವರ ಫಾರ್ವರ್ಡ್ ತೆಗೀರಿ. ಇದನ್ನ ನಂಬಿ ಯಾರಾದ್ರೂ ಇನ್‌ಹೇಲರ್ ಬಿಡ್ತಾರೆ.

ಸ್ಪ್ರೇ ಪೇಂಟರ್: ಡಾಕ್ಟ್ರೇ, ಸೂಪರ್‌ವೈಸರ್ ಬೂತ್ ಬಿಡಿಸಿ ಪೇಂಟ್ ಮಿಕ್ಸಿಂಗ್ ರೂಮಿಗೆ ಹಾಕ್ತೀನಿ ಅಂದ್ರು. ಒಪ್ಪಲಾ?

ಡಾಕ್ಟರ್: ಬೇಡ. ಹಾರ್ಡ್ನರ್ ಡಬ್ಬಿ ತೆರೆಯೋದೇ ಅಲ್ಲಿ.

ಸಿಎನ್‌ಸಿ ಆಪರೇಟರ್: ಕೂಲಂಟ್ ಬಗ್ಗೆ ಕೇಳಿದ್ದೆ…